ಕಡೇಬೀದಿಯ ಮಳೆಗೆ ಮುಯ್ಯಿ

ನಮ್ಮೂರಿನಲ್ಲಿ ಮಳೆ ಎಲ್ಲರಿಗೂ ಒಟ್ಟಿಗೆ ಬರುವುದಿಲ್ಲ. ಬೀದಿಗೊಂದು ಮಳೆ. ಮೊದಲು ಎತ್ತರದ ದಿಬ್ಬದ ಬೀದಿಗೆ, ಆಮೇಲೆ ಗ್ಯಾರೇಜು ಬೀದಿಗೆ, ಅದಾದ ಮೇಲೆ ಬಣ್ಣಗಾರರ ಬೀದಿಗೆ, ಪೇಟೆಬೀದಿಗೆ, ಎಲ್ಲ ಮುಗಿದ ಮೇಲೆ ಕೆರೆಯಂಚಿನ ನಮ್ಮ ಕಡೇಬೀದಿಗೆ. ಬಂದರೆ ಒಂದು ಹಗಲು ಪೂರ್ತಿ ಸುರಿಯುತ್ತದೆ. ಹೋದರೆ ಆ ಬೀದಿಗೆ ಮತ್ತೆ ಬರುವುದು ಮುಂದಿನ ವರ್ಷವೇ. ಹಿಂದಿನ ದಿನವೇ ಆ ಬೀದಿಯ ಮೇಲೆ ಮಾತ್ರ ಮೋಡ ಬಂದು ಕೂರುತ್ತದೆ, ಮದುವೆಗೆ ಮುಂಚೆಯೇ ಬಂದಿಳಿಯುವ ಸೋದರಮಾವನ ಹಾಗೆ. ಪಕ್ಕದ ಬೀದಿಯಲ್ಲಿ ಸುಡುಬಿಸಿಲು.

ನಮಗೆ ಇದು ಅಭ್ಯಾಸವಾಗಿದೆ. ಪೇಟೆಬೀದಿಯಲ್ಲಿ ಮಳೆಯಾಗುವ ದಿನ ಅಲ್ಲಿಯ ಹೆಂಗಸರು ಸಂಡಿಗೆ ಹಪ್ಪಳ ತಂದು ನಮ್ಮ ಮಾಳಿಗೆಗಳ ಮೇಲೆ ಹರಡುತ್ತಾರೆ. ನಮ್ಮ ದಿನ ಬಂದಾಗ ನಮ್ಮ ಬಟ್ಟೆ ಅವರ ಹಗ್ಗದ ಮೇಲೆ. ಬೇರೆ ಬೀದಿಗೆ ಕೊಟ್ಟ ಹೆಣ್ಣುಮಕ್ಕಳು ತವರಿನ ಮಳೆಗೆ ತಪ್ಪದೆ ಬರುತ್ತಾರೆ. ಬೀದಿ ಬೀದಿ ಕೂಡುವ ಕಡೆ ಟೀ ಅಂಗಡಿಯ ಬೆಂಚಿನ ಈ ತುದಿಯಲ್ಲಿ ಕೂತವನು ಒಣಗಿರುತ್ತಾನೆ, ಆ ತುದಿಯವನು ತೊಯ್ದಿರುತ್ತಾನೆ, ಇಬ್ಬರೂ ಅದೇ ಪೇಪರು ಹಂಚಿಕೊಂಡು ಓದುತ್ತಾರೆ. ನನ್ನ ಹೊಟ್ಟೆಪಾಡೂ ಈ ಮಳೆಯಿಂದಲೇ. ನಾನು ಟಾರ್ಪಾಲು ಹೊಲಿಯುವವನು. ಬೀದಿಗೊಂದು ಮಳೆಯಾದ್ದರಿಂದ ಊರಿಗೆಲ್ಲ ಒಂದೇ ಸೆಟ್ಟು ಟಾರ್ಪಾಲು ಸಾಕು. ಯಾವ ಬೀದಿಯ ಮೇಲೆ ಮೋಡ ಕೂತಿತೋ ಆ ಬೀದಿಗೆ ಕೈಗಾಡಿ ತಳ್ಳಿಕೊಂಡು ಹೋಗುತ್ತೇನೆ, ಅಂಗಡಿ ಮುಂಗಟ್ಟುಗಳಿಗೆ ಕಟ್ಟುತ್ತೇನೆ, ಮಳೆ ಮುಗಿದ ಮೇಲೆ ಬಿಚ್ಚಿ ಒಣಗಿಸಿ ಮುಂದಿನ ಬೀದಿಗೆ ಒಯ್ಯುತ್ತೇನೆ. ಹಾಗಾಗಿ ಪ್ರತಿ ಬೀದಿಯೂ ತನ್ನ ಮಳೆಗೆ ಮುಂಚೆ ಏನು ಮಾಡುತ್ತದೆ ಎನ್ನುವುದನ್ನು ನನ್ನಷ್ಟು ನೋಡಿದವರು ಯಾರೂ ಇಲ್ಲ.

ಏನು ಮಾಡುತ್ತದೆ ಎಂದರೆ, ತನ್ನ ಕಸವನ್ನೆಲ್ಲ ಗುಡಿಸಿ ಮುಂದಿನ ಬೀದಿಗೆ ತಳ್ಳುತ್ತದೆ.

ಎಲ್ಲ ಬೀದಿಯ ಮಳೆನೀರೂ ಒಂದೇ ರಾಜಕಾಲುವೆಯಲ್ಲಿ ಹರಿದು ಕೆರೆಗೆ ಹೋಗುತ್ತದೆ. ಕೆರೆಯ ಬಾಯಲ್ಲಿ ಒಂದು ಸೇತುವೆ ಇದೆ. ಮಳೆಯ ದಿನ ಮಿಕ್ಕ ಬೀದಿಯವರೆಲ್ಲ ಆ ಸೇತುವೆಯ ಮೇಲೆ ನಿಂತು, ಬರುವ ನೀರು ಹೇಗಿದೆ ಎಂದು ನೋಡುವುದು ಊರಿನ ಪದ್ಧತಿ. ಬೀಗರ ಊಟವಾದ ಮೇಲೆ ಸಾರಿಗೆ ಉಪ್ಪು ಕಮ್ಮಿ, ಪಾಯಸ ಗಟ್ಟಿ ಎನ್ನುವ ಹಾಗೆ ಅಲ್ಲಿ ನಿಂತು ಮಾತಾಡುತ್ತಾರೆ. ಯಾರ ಮಳೆಯೋ ಅವರ ನೀರು, ಯಾರ ನೀರೋ ಅವರ ಹೊಣೆ ಎನ್ನುವುದು ಪುರಸಭೆಯ ನಿಯಮ. ನೀರು ಕೆಡಿಸಿದ ಬೀದಿಯವರು ಬೇಸಿಗೆಯಲ್ಲಿ ಕೆರೆಗಿಳಿದು ಹೂಳೆತ್ತಬೇಕು. ಕೇಳಿದರೆ ನ್ಯಾಯವಾಗಿಯೇ ಇದೆ. ಆದರೆ ದಿಬ್ಬದ ಬೀದಿಯವರು ಮೋಡ ಕಂಡ ಕೂಡಲೇ ತಮ್ಮ ಒಣ ಎಲೆ, ಬೂದಿ, ಪ್ಲಾಸ್ಟಿಕ್ಕು, ಹಟ್ಟಿಯ ಕಸ ಎಲ್ಲವನ್ನೂ ಗ್ಯಾರೇಜು ಬೀದಿಯ ಮೋರಿಗೆ ನೂಕಿರುತ್ತಾರೆ. ಅವರ ನೀರು ಎಳನೀರಿನಂತೆ ಬರುತ್ತದೆ, ಸೇತುವೆಯವರು ತಲೆದೂಗುತ್ತಾರೆ. ಗ್ಯಾರೇಜಿನವರು ಅದಕ್ಕೆ ತಮ್ಮ ಹಳೇ ಎಣ್ಣೆ ಸೇರಿಸಿ ಬಣ್ಣಗಾರರಿಗೆ ದಾಟಿಸುತ್ತಾರೆ. ಬಣ್ಣಗಾರರು ತಮ್ಮ ಪಾಲು ಸೇರಿಸಿ ಪೇಟೆಗೆ. ಪೇಟೆಯವರು ಕೊಳೆತ ತರಕಾರಿ, ಹೂವಿನಂಗಡಿಯ ಕಸ, ಹೋಟೆಲಿನ ಎಂಜಲೆಲೆ ಸೇರಿಸಿ ನಮಗೆ. ನಮ್ಮ ಮುಂದೆ ಬೀದಿಯಿಲ್ಲ, ಕೆರೆಯಿದೆ. ನಮ್ಮ ಮಳೆ ಬಂದರೆ ಇಡೀ ಊರಿನ ಗಲೀಜು ನಮ್ಮ ಹೆಸರಿನಲ್ಲಿ ಕೆರೆಗೆ ಇಳಿಯುತ್ತದೆ. ಬೇರೆಯವರ ಮಳೆಗೆ ಹೊಸನೀರು ಸಿಕ್ಕಿತೆಂದು ಕಾಲುವೆಯ ಮೇಲಕ್ಕೆ ಹತ್ತುವ ಮೀನುಗಳು ನಮ್ಮ ಮಳೆಗೆ ಹೊಟ್ಟೆ ಮೇಲೆ ಮಾಡಿ ತೇಲುತ್ತವೆ.

"ಕಡೇಬೀದಿಯವರ ಬುದ್ಧಿಯೇ ಕಪ್ಪು, ಇನ್ನು ನೀರು ಹೇಗೆ ಬಿಳಿ ಇರ್ತದೆ" ಎಂದು ಸೇತುವೆಯ ಮೇಲೆ ಆಡಿಕೊಳ್ಳುತ್ತಿದ್ದರು. ನಾನು ಎಷ್ಟೋ ಜನರ ಕೊರಳಪಟ್ಟಿ ಹಿಡಿದಿದ್ದೇನೆ. ಅದರಿಂದ ನೀರೇನೂ ತಿಳಿಯಾಗಲಿಲ್ಲ.

ಹೋದ ವರ್ಷ ಕೆರೆಯ ನೀರು ಕುಡಿಯಲು ಬಾರದಷ್ಟು ನಾತ ಹೊಡೆಯಿತು. ಈ ವರ್ಷ ಮಳೆಗಾಲಕ್ಕೆ ಮುಂಚೆ ಅಧ್ಯಕ್ಷ ಮರಿಲಿಂಗಯ್ಯನವರು ಸಭೆ ಕರೆದರು. ಅವರೂ ದಿಬ್ಬದ ಬೀದಿಯವರೇ, ಕೆಟ್ಟ ಮನುಷ್ಯರಲ್ಲ, ಆದರೆ ತಮ್ಮ ಮನೆಯ ಮುಂದಿನ ಮೋರಿ ಎಲ್ಲಿಗೆ ಹೋಗುತ್ತದೆ ಎಂದು ಒಂದು ದಿನವೂ ಬಗ್ಗಿ ನೋಡಿದವರಲ್ಲ. "ಈ ಸಲವೂ ಕಡೇಬೀದಿ ನೀರು ಕಪ್ಪಾಗಿ ಬಂದ್ರೆ ಬೀದೀನೇ ಎತ್ತಿಸಿ ಕಲ್ಲುಕ್ವಾರಿ ಹತ್ರ ಹಾಕ್ತೀವಿ" ಎಂದರು. "ಅಲ್ಲಿ ಮಳೆಯೇ ಬೀಳಲ್ಲ. ಮಳೆ ಬೀಳದ ಕಡೆ ಗಲೀಜು ಹರಿಯೋ ಮಾತೇ ಇಲ್ಲ. ನಿಮ್ಮ ಗಲೀಜಿಗೆ ಅದೇ ಸರಿಯಾದ ಜಾಗ."

ಕೈ ಎತ್ತಿ ಒಪ್ಪಿಗೆ ಕೇಳಿದರು. ನಮ್ಮ ಬೀದಿಯವರನ್ನು ಬಿಟ್ಟು ಎಲ್ಲರೂ ಎತ್ತಿದರು. ಕ್ವಾರಿಯನ್ನು ನಾನು ನೋಡಿದ್ದೇನೆ. ಊರಿನ ಆಚೆ, ಹುಲ್ಲುಕಡ್ಡಿ ಹುಟ್ಟದ ಜಾಗ. ನಮ್ಮೂರಿನಲ್ಲಿ ಬಡವನಿಗೂ ತನ್ನದೊಂದು ಮಳೆ ಇದೆ. ವರ್ಷಕ್ಕೊಮ್ಮೆ ಇದು ನಮ್ಮ ಮಳೆ ಎಂದು ಅಂಗಳಕ್ಕಿಳಿದು ನೆನೆಯಬಹುದು. ಅದೂ ಇಲ್ಲದ ಕಡೆಗೆ ನಮ್ಮನ್ನು ಎತ್ತಿ ಹಾಕುವ ಮಾತಿದು.

ಅವತ್ತು ಸಂಜೆ ನಮ್ಮ ಬೀದಿಯವರೆಲ್ಲ ನೀರಿನ ಟ್ಯಾಂಕಿನ ಕೆಳಗೆ ಸೇರಿದೆವು. ನಮ್ಮ ವಾರ್ಡಿನ ಮೆಂಬರ್ ಜವರಮ್ಮನೂ ಬಂದಳು. ಈ ಜವರಮ್ಮನ ಬಗ್ಗೆ ನನಗೆ ಅಲ್ಲಿಯವರೆಗೆ ಎಳ್ಳಷ್ಟೂ ಗೌರವವಿರಲಿಲ್ಲ. ಬೆಳಗಾದರೆ ರೇಷ್ಮೆ ಸೀರೆ ಉಟ್ಟು ಯಾವುದಾದರೂ ಮದುವೆ, ನಾಮಕರಣ, ಗೃಹಪ್ರವೇಶಕ್ಕೆ ಹೊರಡುವುದು ಬಿಟ್ಟರೆ ಆಕೆ ಬೇರೆ ಕೆಲಸ ಮಾಡಿದ್ದನ್ನು ನಾನು ಕಂಡಿರಲಿಲ್ಲ. ಕರೆದವರ ಮನೆಗೂ ಹೋಗುತ್ತಿದ್ದಳು, ಕರೆಯದವರ ಮನೆಗೂ ಹೋಗುತ್ತಿದ್ದಳು. ಅವತ್ತೂ ಯಾವುದೋ ಸೀಮಂತದಿಂದ ನೇರ ಬಂದಿದ್ದಳು, ಮುಡಿ ತುಂಬ ಹೂವು.

ನಾನು ಎದ್ದು ನಿಂತು ಹೇಳಿದೆ: "ನಾಳೆಯಿಂದ ಬೀದಿ ಬಾಯಿಗೆ ನಾನೇ ಅಡ್ಡ ಕೂರ್ತೀನಿ. ಯಾವನು ಈ ಕಡೆಗೆ ಕಸ ತಳ್ತಾನೋ ಅವನ ಕಾಲು ಮುರೀತೀನಿ."

"ಮುರಿ ದ್ಯಾಮಣ್ಣ" ಎಂದಳು ಜವರಮ್ಮ. "ಅವನು ಆಸ್ಪತ್ರೆಗೆ ಹೋಗ್ತಾನೆ, ನೀನು ಸ್ಟೇಷನ್‌ಗೆ ಹೋಗ್ತೀಯ, ನಾವು ಕ್ವಾರಿಗೆ ಹೋಗ್ತೀವಿ. ಎಲ್ಲರಿಗೂ ಒಂದೊಂದು ದಾರಿ ಆಯ್ತು."

ಜನ ನಕ್ಕರು. ನನ್ನ ಹೆಂಡತಿ ಹೊನ್ನಮ್ಮನೂ ನಕ್ಕಳು. "ಹಂಗಾದ್ರೆ ಮೆಂಬರಮ್ಮನೋರೇ ದಾರಿ ತೋರಿಸ್ಲಿ" ಎಂದೆ. "ನಾಲ್ಕು ಮನೆ ಊಟ ಉಂಡು ಬಂದಿದೀರಿ, ಬುದ್ಧಿ ಚುರುಕಾಗಿರ್ತದೆ."

ಆಕೆಗೆ ಸಿಟ್ಟು ಬರಲಿಲ್ಲ. "ಊಟ ಉಂಡಿದ್ದಕ್ಕೇ ಹೊಳೆದಿದ್ದು ಕಣಣ್ಣ" ಎಂದಳು. "ಇನ್ನೇನು ದಿಬ್ಬದ ಬೀದಿ ಮಳೆ ಬರ್ತದೆ. ನಾವೆಲ್ಲ ಮಳೆಗೆ ಹೋಗೋಣ."

"ಸೇತುವೆ ಮೇಲೆ ತಾನೇ? ಅದಕ್ಕೆ ಪ್ರತಿ ವರ್ಷ ಹೋಗ್ತೀವಲ್ಲ."

"ಸೇತುವೆಗಲ್ಲ. ಅವರ ಬೀದಿಗೆ. ಮದುವೆ ಮನೆಗೆ ಹೋದಂಗೆ ಹೋಗೋಣ. ಬರಿಗೈಲಿ ಹೋಗೋಕಾಗಲ್ಲ, ಮುಯ್ಯಿ ಹಾಕೋಣ. ಮನೆಗೊಂದು ಪೊರಕೆ, ಒಂದು ಮಂಕರಿ. ಅವರು ಗುಡಿಸಿ ಮುಂದಕ್ಕೆ ತಳ್ಳೋಕೆ ಮುಂಚೆ ನಾವೇ ತುಂಬ್ಕೊಂಡು ಬರೋಣ. ಯಾರ ಮನೆ ಮುಂದೆ ಎಷ್ಟು ಮಂಕರಿ ಅಂತ ಕೂಗೋಣ, ಮದುವೇಲಿ ಮುಯ್ಯಿ ಕೂಗ್ತಾರಲ್ಲ ಹಂಗೆ. ನಮ್ಮೂರಲ್ಲಿ ಮುಯ್ಯಿ ಹಾಕಿಸ್ಕೊಂಡು ತೀರಿಸದೆ ಸತ್ತೋರು ಯಾರಿದಾರೆ ಹೇಳು. ನಮ್ಮ ಮಳೆ ಬಂದ ದಿನ ಅವರು ಬರಲೇಬೇಕು."

ನನಗೆ ಮೈಯೆಲ್ಲ ಉರಿದುಹೋಯಿತು. ವರ್ಷವೆಲ್ಲ ಅವರು ನಮ್ಮ ತಲೆಯ ಮೇಲೆ ಕಸ ಸುರಿಯಬೇಕು, ನಾವು ಎಲೆ ಅಡಿಕೆ ಹಿಡಿದು ಅವರ ಬಾಗಿಲು ಗುಡಿಸಲು ಹೋಗಬೇಕು. ಇದಕ್ಕಿಂತ ಕ್ವಾರಿಯೇ ವಾಸಿ ಎಂದು ಕೂಗಾಡಿದೆ. ಜವರಮ್ಮ ನಾನು ಮುಗಿಸುವವರೆಗೂ ಕೂತು ಕೇಳಿದಳು. ಆಮೇಲೆ, "ಗಂಟಲು ಚೆನ್ನಾಗಿದೆ. ಮುಯ್ಯಿ ಕೂಗೋಕೆ ನೀನೇ ಸರಿ. ಬೈಯೋದಕ್ಕೆ ಮಾತ್ರ ಯಾಕೆ ಖರ್ಚು ಮಾಡ್ತೀಯ" ಎಂದಳು. ನಾನು ಆಗುವುದಿಲ್ಲ ಎಂದೆ. ಹೊನ್ನಮ್ಮ, "ನೀನು ಹೆಂಗೂ ಟಾರ್ಪಾಲು ಕಟ್ಟೋಕೆ ಅಲ್ಲಿಗೆ ಹೋಗ್ಲೇಬೇಕು. ಬಾಯಿ ಮನೇಲಿಟ್ಟು ಹೋಗ್ತೀಯಾ" ಎಂದಳು.

ದಿಬ್ಬದ ಬೀದಿಯ ಮೇಲೆ ಮೋಡ ಕೂತ ದಿನ ನಾನು ಗಾಡಿ ತಳ್ಳಿಕೊಂಡು ಹೋದಾಗ ನಮ್ಮ ಹೆಂಗಸರು ಗಂಡಸರು ಆಗಲೇ ಅಲ್ಲಿದ್ದರು. ಜವರಮ್ಮ ಹಸಿರು ರೇಷ್ಮೆ ಉಟ್ಟು ಮುಂದೆ ನಿಂತಿದ್ದಳು. ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಎಲೆ ಅಡಿಕೆ, ಅರಿಶಿನ ಕುಂಕುಮ. ಹಿಂದೆ ಎಲ್ಲರ ಹೆಗಲ ಮೇಲೆ ಪೊರಕೆ. ದಿಬ್ಬದವರು ಬಾಗಿಲಿಗೆ ಬಂದು ನಗುತ್ತಿದ್ದರು. "ಏನು ಜವರಮ್ಮ, ಮಳೆಗೂ ಊಟ ಹಾಕ್ತಾರೆ ಅಂದ್ಕೊಂಡ್ರಾ" ಎಂದ ಒಬ್ಬ. "ಹಾಕಿದ್ರೆ ಬೇಡ ಅನ್ನಲ್ಲ. ಮೊದಲು ಮುಯ್ಯಿ ತಗೊಳ್ಳಿ" ಎಂದು ಆಕೆ ನೇರ ಅಧ್ಯಕ್ಷರ ಮನೆಯ ಮುಂದಕ್ಕೆ ನಡೆದಳು. ಅಲ್ಲಿ ಮೋರಿಯ ಪಕ್ಕ ಗುಡ್ಡೆ ಹಾಕಿದ್ದ ಕಸವನ್ನು ಹೊನ್ನಮ್ಮ ಮೊದಲ ಮಂಕರಿಗೆ ತುಂಬಿದಳು. ಎಲ್ಲರೂ ನನ್ನ ಮುಖ ನೋಡಿದರು. ಹೊನ್ನಮ್ಮನೂ ಮಂಕರಿ ಸೊಂಟಕ್ಕಿಟ್ಟುಕೊಂಡು ನೋಡುತ್ತ ನಿಂತಳು. ಹೆಂಡತಿ ಭಾರ ಹೊತ್ತು ನಿಂತಿರುವಾಗ ಎಷ್ಟು ಹೊತ್ತು ಸುಮ್ಮನಿರುವುದು? ಕೂಗಿದೆ.

"ಕಡೇಬೀದಿ ಹೊನ್ನಮ್ಮನ ಮುಯ್ಯಿ, ಅಧ್ಯಕ್ಷರ ಮನೆ ಮಳೆಗೆ ಒಂದು ಮಂಕರಿ."

ಅಧ್ಯಕ್ಷರ ತಾಯಿ ದೊಡ್ಡತಾಯಮ್ಮ ಜಗಲಿಯ ಮೇಲೆ ಕೂತಿದ್ದರು. ಕಣ್ಣು ಮಂಜಾಗಿರುವ ಮುದುಕಿ, ಆದರೆ ಯಾವ ಮದುವೆಯಲ್ಲಿ ಯಾರು ಏನು ಮುಯ್ಯಿ ಹಾಕಿದರು ಎಂದು ಅಜ್ಜಿಯ ಕಾಲದಿಂದ ಬಾಯಲ್ಲಿ ಇಟ್ಟುಕೊಂಡವರು. "ಯಾರದು ಅಂದೆ? ಇನ್ನೊಂದು ಸಲ ಹೇಳಪ್ಪ" ಎಂದರು. ಹೇಳಿದೆ. "ಹೂಂ" ಎಂದರು. ಆ ಹೂಂ ಕಲ್ಲಿನಲ್ಲಿ ಕೆತ್ತಿದ ಹಾಗಿತ್ತು. ಎರಡನೆಯ ಮಂಕರಿ ತುಂಬಿತು, ಕೂಗಿದೆ, ಹೂಂ ಎಂದರು. ಹೀಗೆ ಮನೆಮನೆಯ ಮುಂದೆ. ಬೀದಿ ಮುಗಿಯುವ ಹೊತ್ತಿಗೆ ನಗುತ್ತಿದ್ದವರು ನಗುವುದನ್ನು ನಿಲ್ಲಿಸಿದ್ದರು. ನನಗೂ ಒಂದು ವಿಚಿತ್ರ ಅನುಭವ. ಅವರ ಹೆಸರನ್ನು ಅವರ ಬಾಗಿಲಲ್ಲೇ ಅವರ ಕಸದ ಜೊತೆಗೆ ಇಷ್ಟು ಜೋರಾಗಿ ಕೂಗುವುದು ಬೈಗುಳಕ್ಕಿಂತ ರುಚಿಯಾಗಿತ್ತು, ಆದರೂ ಯಾರೂ ಜಗಳಕ್ಕೆ ಬರುವ ಹಾಗಿರಲಿಲ್ಲ.

ಕಸವನ್ನೆಲ್ಲ ನನ್ನ ಹಳೆಯ ಟಾರ್ಪಾಲುಗಳ ಮೇಲೆ ಸುರಿದು ಮೂಟೆ ಕಟ್ಟಿದೆವು. ಅಧ್ಯಕ್ಷರು ಹೊರಗೆ ಬಂದರು. "ಇದನ್ನ ಎಲ್ಲಿಗೆ ಒಯ್ತೀರಿ" ಎಂದರು.

"ಕಲ್ಲುಕ್ವಾರಿಗೆ ಸ್ವಾಮಿ" ಎಂದಳು ಜವರಮ್ಮ. "ಮಳೆ ಬೀಳದ ಕಡೆ ಗಲೀಜು ಹರಿಯಲ್ಲ ಅಂತ ನೀವೇ ಸಭೇಲಿ ಅಂದ್ರಲ್ಲ. ಎಂಥ ಮಾತು ಅಂದ್ರಿ, ಮನೆಗೆ ಹೋಗಿ ರಾತ್ರಿಯೆಲ್ಲ ಯೋಚನೆ ಮಾಡ್ದೆ. ಎಲೆ ಸೊಪ್ಪು ಬೇರೆ ಗುಂಡಿಗೆ ಹಾಕ್ತೀವಿ, ಗೊಬ್ಬರ ಆಗ್ತದೆ. ಮಿಕ್ಕಿದ್ದು ಅಲ್ಲೇ ಬಿದ್ದಿರ್ಲಿ."

ಅಧ್ಯಕ್ಷರು ಏನೋ ಹೇಳಲು ಬಾಯಿ ತೆರೆದರು. ಜಗಲಿಯ ಮೇಲಿಂದ ದೊಡ್ಡತಾಯಮ್ಮ, "ಮರಿ, ಮುಯ್ಯಿ ಹಾಕಿದೋರನ್ನ ಹಂಗೇ ಕಳಿಸಬಾರದು. ಪಾನಕ ಮಾಡಿಸು, ತಾಂಬೂಲ ಕೊಡು" ಎಂದರು. ಅಲ್ಲಿಗೆ ಮುಗಿಯಿತು. ತಾಂಬೂಲ ಕೊಟ್ಟರೆಂದರೆ ಮುಯ್ಯಿ ಒಪ್ಪಿಸಿಕೊಂಡ ಹಾಗೆ. ಮಾರನೆಯ ದಿನ ಅವರ ಮಳೆ ಬಂತು, ನೀರು ತಿಳಿಯಾಗಿ ಹೋಯಿತು, ಮತ್ತು ನಮ್ಮೂರಿನ ನೆನಪಿನಲ್ಲಿ ಮೊದಲ ಸಲ ಗ್ಯಾರೇಜು ಬೀದಿಯ ಮೋರಿಯಲ್ಲಿ ದಿಬ್ಬದ ಕಸವಿರಲಿಲ್ಲ.

ಗ್ಯಾರೇಜು ಬೀದಿಯಲ್ಲಿ ಪೊರಕೆಯಿಂದ ಕೆಲಸ ಸಾಗುವುದಿಲ್ಲ. ಅಲ್ಲಿಯ ನೆಲವೇ ಎಣ್ಣೆ. ನಮ್ಮವರು ಮರದ ಮಿಲ್ಲಿನಿಂದ ಹೊಟ್ಟು ತಂದು ಎರಚಿದರು, ಎಣ್ಣೆ ಹೀರಿದ ಮೇಲೆ ಸವರಿ ಮಂಕರಿಗೆ ತುಂಬಿದರು. ಮೆಕ್ಯಾನಿಕ್ಕುಗಳು ಮೊದಲು ಸುಮ್ಮನೆ ನೋಡಿದರು, ಆಮೇಲೆ ಡಬ್ಬ ತಂದು ಹಳೇ ಎಣ್ಣೆ ಬಗ್ಗಿಸಿಟ್ಟರು. "ಇದು ಮಂಕರಿ ಲೆಕ್ಕಕ್ಕೆ ಬೇಡಣ್ಣ, ನಾವೇ ತುಂಬಿದ್ದು" ಎಂದರು. ಬಣ್ಣಗಾರರ ಬೀದಿಯಲ್ಲಿ ರಹಮತ್ ಎಂಬ ಹಿರಿಯ ಇದ್ದಾನೆ, ನೂಲಿಗೆ ಬಣ್ಣ ಹಾಕುವವನು, ನನ್ನ ಸ್ನೇಹಿತ, ನನ್ನಷ್ಟೇ ಮುಂಗೋಪಿ. "ಕಸ ಆದ್ರೆ ಹೊರ್ತೀರಿ. ನನ್ನ ಬಣ್ಣದ ನೀರನ್ನ ಹೆಂಗೆ ಹೊರ್ತೀಯೋ ದ್ಯಾಮ" ಎಂದು ಸವಾಲು ಹಾಕಿದ. ಜವರಮ್ಮ ಒಂದು ಮಾತೂ ಆಡದೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೊಡ ಅದ್ದಿ ನೀಲಿ ನೀರು ತುಂಬಿಕೊಂಡು ತಲೆಯ ಮೇಲಿಟ್ಟಳು. ಕ್ವಾರಿಯ ದಾರಿಯಲ್ಲಿ ಅರ್ಧ ನಡೆದಿದ್ದಳು, ರೇಷ್ಮೆಯ ಮೇಲೆಲ್ಲ ನೀಲಿ ಇಳಿದಿತ್ತು, ರಹಮತ್ ಓಡಿಬಂದು ಅಡ್ಡ ನಿಂತ. "ಬೇಡಕ್ಕ, ಇಳಿಸು. ನನ್ನ ಹಿತ್ತಲಲ್ಲೇ ಗುಂಡಿ ತೋಡ್ತೀನಿ. ಬಣ್ಣ ಅಲ್ಲೇ ತಳಕ್ಕೆ ಕೂತ್ಕೊಳ್ಳಲಿ" ಎಂದ. ಅವತ್ತೇ ತೋಡಿದ. ನಾನೂ ಅವನ ಜೊತೆ ಗುದ್ದಲಿ ಹಿಡಿದೆ. "ನೀನು ಇಷ್ಟು ದಿನ ಬೈದ್ರೂ ನಾನು ಒಂದು ಗುಂಡಿ ತೋಡಲಿಲ್ಲ ನೋಡು" ಎಂದು ನಗುತ್ತಿದ್ದ.

ಅವತ್ತಿನಿಂದ ನಾನು ಜವರಮ್ಮನನ್ನು ಮೆಂಬರಮ್ಮ ಎಂದು ಕುಟುಕುವುದನ್ನು ಬಿಟ್ಟೆ. ಜವರಕ್ಕ ಎನ್ನತೊಡಗಿದೆ.

ಎಡವಿದ್ದು ಪೇಟೆಬೀದಿಯಲ್ಲಿ. ಮೋಡ ಕೂತ ದಿನ ನಾವು ಹೋದರೆ ಮನೆಗಳ ಬಾಗಿಲೆಲ್ಲ ಮುಚ್ಚಿದ್ದವು. ಆ ಬೀದಿಗೆ ಪದ್ಮರಾಜ ಶೆಟ್ಟರ ಮಾತೇ ಮಾತು. ಬೇಳೆಕಾಳಿನ ದೊಡ್ಡ ಅಂಗಡಿ, ತೂಕದಲ್ಲಿ ಒಂದು ಕಾಳು ಆಚೆಈಚೆ ಮಾಡದ ಮನುಷ್ಯ, ಸುಳ್ಳು ಹೇಳಿದ್ದನ್ನು ಯಾರೂ ಕೇಳಿಲ್ಲ. ಬಾಯಿ ಅಷ್ಟು ಶುದ್ಧ ಎಂದರೆ ಮೀನು ಎನ್ನುವ ಹೆಸರನ್ನೂ ಆಡುವುದಿಲ್ಲ, ಕೆರೆಯಲ್ಲಿರೋವು ಎನ್ನುತ್ತಾರೆ. ಅವರೊಬ್ಬರೇ ಅಂಗಡಿಯ ಮೆಟ್ಟಿಲ ಮೇಲೆ ನಿಂತಿದ್ದರು.

"ನೋಡಮ್ಮ ಜವರಮ್ಮ, ಮುಯ್ಯಿ ಇಸ್ಕೊಂಡ್ರೆ ತೀರಿಸಬೇಕಾಗ್ತದೆ. ನಾನು ಇಸ್ಕೊಳ್ಳೋದೂ ಇಲ್ಲ, ತೀರಿಸೋದೂ ಇಲ್ಲ. ನನ್ನ ನೀರು ನನ್ನದು, ನಿಮ್ಮ ನೀರು ನಿಮ್ಮದು. ನಿಯಮ ಇರೋದೇ ಹಂಗೆ."

"ಮನೆಗೆ ಬಂದೋರ ಮುಯ್ಯಿ ಬೇಡ ಅನ್ನಬಾರದು ಶೆಟ್ರೇ. ಆಶೀರ್ವಾದವೇ ಉಡುಗೊರೆ ಅಂತ ಮುಂಚೇನೇ ಕಾರ್ಡಲ್ಲಿ ಹಾಕಿಸಬೇಕಿತ್ತು."

"ಬೇಡ ಅಂದ್ನಲ್ಲಮ್ಮ."

ಅವರು ಮಾತಾಡುತ್ತಿರುವಾಗಲೇ ಅವರ ಆಳುಗಳು ಬೀದಿಯ ಆ ತುದಿಯಲ್ಲಿ ಕೊಳೆತ ಟೊಮೇಟೊ, ಕೋಸಿನ ಎಲೆ, ಬಾಳೆಲೆ ಎಲ್ಲವನ್ನೂ ನಮ್ಮ ಬೀದಿಗೆ ನೂಕುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ಆಗತಾನೇ ಅಂಗಡಿಗೆ ಕಟ್ಟಿದ್ದ ಟಾರ್ಪಾಲಿನ ಹಗ್ಗ ಬಿಚ್ಚಲು ಶುರುಮಾಡಿದೆ. "ನಿಮ್ಮ ಮಳೆ ನಿಮ್ಮದು ಅಂದ್ರಲ್ಲ, ನಿಮ್ಮ ಬೇಳೆ ಮೇಲೇ ಬೀಳಲಿ" ಎಂದೆ. ಶೆಟ್ಟರ ಮುಖ ಬಿಳಿಚಿಕೊಂಡಿತು. ಒಳಗೆ ಮೂಟೆಗಟ್ಟಲೆ ತೊಗರಿ ಇತ್ತು.

"ಕಟ್ಟು ದ್ಯಾಮಣ್ಣ" ಎಂದಳು ಜವರಮ್ಮ.

"ಕಟ್ಟಲ್ಲ ಜವರಕ್ಕ."

"ಮದುವೆಗೆ ಬಂದು ಚಪ್ಪರ ಬಿಚ್ಚಿದೋನು ಅನ್ನಿಸ್ಕೋಬೇಡ. ಅವರ ಮರ್ಯಾದೆ ಅವರು ನೋಡ್ಕೊಳ್ಳಲಿ, ನಮ್ಮದು ನಾವು ಕಳ್ಕೊಳ್ಳೋದು ಬೇಡ. ಕಟ್ಟು."

ಬೈಯುತ್ತಲೇ ಕಟ್ಟಿದೆ. ನನ್ನ ಜೀವಮಾನದಲ್ಲಿ ಅಷ್ಟು ಗಟ್ಟಿಯಾಗಿ ಗಂಟು ಹಾಕಿರಲಿಲ್ಲ. ಮಾರನೆಯ ದಿನ ಪೇಟೆಯಲ್ಲಿ ಜೋರು ಮಳೆ, ಒಂದು ಕಾಳು ನೆನೆಯಲಿಲ್ಲ.

ಆಮೇಲೆ ನಮ್ಮ ಮೋಡ ಬಂತು. ಪೇಟೆಯವರು ತಳ್ಳಿದ ಕಸ ಕಾಲುವೆಯ ಅಂಚಿನಲ್ಲಿ ಆಳೆತ್ತರದ ಗುಡ್ಡೆಯಾಗಿ ಬಿದ್ದಿತ್ತು. ಅದಲ್ಲದೆ ನಮ್ಮದೇ ಬೀದಿಯ ಕಸವೂ ಏನು ಕಮ್ಮಿಯಿರಲಿಲ್ಲ. ಎಲ್ಲರ ಬೀದಿ ಗುಡಿಸಲು ಹೋಗಿ ನಮ್ಮದನ್ನು ಮುಟ್ಟಿರಲಿಲ್ಲ, ಮುಯ್ಯಿ ತೀರಿಸುವವರು ಬರುತ್ತಾರೆಂದು ಕಾದಿದ್ದೆವು. ಮಳೆಯ ದಿನ ಬೆಳಗಾಯಿತು. ಯಾರೂ ಬರಲಿಲ್ಲ. ಬೀದಿಯ ಬಾಯಲ್ಲಿ ಜವರಮ್ಮ ತಟ್ಟೆ ಹಿಡಿದು ನಿಂತಿದ್ದಳು, ಬಣ್ಣದ ಕಲೆಯಿದ್ದ ಅದೇ ಹಸಿರು ರೇಷ್ಮೆ. ಮೋಡ ಮಾಳಿಗೆಗೆ ತಾಕುವಷ್ಟು ಇಳಿದಿತ್ತು. ಮನೆಯ ಒಳಗೆ ಹೊನ್ನಮ್ಮ ಪಾತ್ರೆಗಳನ್ನು ಸುಮ್ಮನೆ ಒಂದರ ಮೇಲೊಂದು ಜೋಡಿಸುತ್ತಿದ್ದಳು. ಮನೆ ಬಿಡುವಾಗ ಹಾಗೆಯೇ ಜೋಡಿಸುವುದು.

"ನಾನು ಹೇಳಿರಲಿಲ್ವಾ ಜವರಕ್ಕ" ಎಂದೆ.

"ಮುಹೂರ್ತಕ್ಕೆ ಮುಂಚೆ ಯಾರು ಬಂದಿದಾರೆ ನಮ್ಮೂರಲ್ಲಿ" ಎಂದಳು. ಆದರೆ ಕಣ್ಣು ಸೇತುವೆಯ ದಾರಿಯ ಮೇಲೇ ಇತ್ತು.

ಮೊದಲು ಬಂದವನು ರಹಮತ್. ಬಣ್ಣ ಕಲಸುವ ದೊಡ್ಡ ಬಾನಿಯನ್ನು ಮಗನ ಜೊತೆ ಹೊತ್ತು ತಂದಿದ್ದ. "ಮಂಕರಿಗೆ ಬಾನಿ. ಸ್ವಲ್ಪ ಹೆಚ್ಚೇ ಇರಲಿ, ಕೂಗೋ ದ್ಯಾಮ" ಎಂದ. ನಾನು ಕೂಗುವುದನ್ನೂ ಮರೆತು ಬಾನಿಗೆ ಕೈ ಕೊಟ್ಟು ಇಳಿಸಿದೆ. ಅವನ ಹಿಂದೆ ಮೆಕ್ಯಾನಿಕ್ಕುಗಳು. ಅವರ ಹಿಂದೆ, ಸೇತುವೆಯ ದಾರಿ ಬಿಟ್ಟು ನಮ್ಮ ಬೀದಿಗೆ ತಿರುಗಿದ ದಿಬ್ಬದ ಬೀದಿಯ ಜನ. ಎಲ್ಲರಿಗಿಂತ ಮುಂದೆ ದೊಡ್ಡತಾಯಮ್ಮ, ಸೊಸೆಯ ಭುಜ ಹಿಡಿದು, ಇನ್ನೊಂದು ಕೈಯಲ್ಲಿ ಮೊರ. "ಹೊನ್ನಮ್ಮನ ಮನೆ ಯಾವುದಪ್ಪ? ಒಂದು ಮಂಕರಿ ಅವಳದು. ಅದರ ಪಕ್ಕದ್ದು ಚೆನ್ನಾಜಿ, ಎರಡು" ಎಂದು ಒಂದೂ ತಪ್ಪದೆ ಹೇಳುತ್ತ ಬಂದರು. ಅಧ್ಯಕ್ಷರು ತಾಯಿಯ ಹಿಂದೆ ಪೊರಕೆ ಹಿಡಿದು ಬರುತ್ತಿದ್ದರು. ಪೊರಕೆಯನ್ನು ಕೊಡೆಯಂತೆ ಹಿಡಿದಿದ್ದರು. "ಹಂಗಲ್ಲ ಸ್ವಾಮಿ, ತಲೆಕೆಳಗೆ ಮಾಡಿ" ಎಂದು ನಾನೇ ತಿರುಗಿಸಿಕೊಟ್ಟೆ.

ಮುಯ್ಯಿ ತೀರಿಸುವಾಗ ಒಂದು ಹಿಡಿ ಹೆಚ್ಚು ಹಾಕುವುದು ನಮ್ಮ ಕಡೆಯ ರೂಢಿ. ಹಾಗೆಯೇ ಹಾಕಿದರು. ನೋಡುತ್ತಿದ್ದಂತೆ ನಮ್ಮ ಬೀದಿಯ ಕಲ್ಲು ಕಾಣಿಸತೊಡಗಿತು. ಆ ಕಲ್ಲುಗಳು ಕೆಂಪು ಎಂದು ನನಗೆ ಗೊತ್ತೇ ಇರಲಿಲ್ಲ. ಗಾಡಿಯ ಮೇಲೆ ಗಾಡಿ ಕ್ವಾರಿಗೆ ಹೋಯಿತು. ಮೊದಲ ಹನಿ ಬೀಳುವ ಹೊತ್ತಿಗೆ ಬೀದಿ ಖಾಲಿ. ಉಳಿದಿದ್ದು ಪೇಟೆಬೀದಿಯವರ ಗುಡ್ಡೆ ಒಂದೇ. ಗಾಡಿಗಳು ಇನ್ನೂ ಕ್ವಾರಿಯಿಂದ ತಿರುಗಿ ಬಂದಿರಲಿಲ್ಲ. ಮಂಕರಿಯಲ್ಲಿ ಹೊತ್ತರೆ ಮುಗಿಯುವಂಥದಲ್ಲ, ಮಳೆ ಕಾಯುವಂಥದಲ್ಲ. ಅದೊಂದು ಕೊಚ್ಚಿಕೊಂಡು ಹೋದರೆ ಸಾಕು, ಕೆರೆ ಕಪ್ಪು, ನಾವು ಕ್ವಾರಿಗೆ.

ನನ್ನ ಹತ್ತಿರ ಒಂದು ಹೊಸ ಟಾರ್ಪಾಲು ಇತ್ತು. ಬೇಸಿಗೆಯೆಲ್ಲ ಕೂತು ನನ್ನ ಮನೆಯ ಸೂರಿಗೆಂದು ಹೊಲಿದಿದ್ದು, ಇನ್ನೂ ಮಡಿಕೆ ಬಿಚ್ಚಿರಲಿಲ್ಲ. ನನ್ನ ಸೂರು ಸೋರುತ್ತದೆ. ತಂದು ಗುಡ್ಡೆಯ ಮೇಲೆ ಎಳೆದೆ. ಗಾಳಿ ಎದ್ದು ಅದನ್ನು ಪಟದ ಹಾಗೆ ಎತ್ತಿತು. ಕಟ್ಟಲು ಗೂಟವಿಲ್ಲ, ಕಲ್ಲಿಡಲು ಹೊತ್ತಿಲ್ಲ. "ತುಳೀರಿ" ಎಂದು ಕೂಗಿದೆ. "ಅಂಚು ತುಳ್ಕೊಂಡು ನಿಲ್ರಿ, ಎಲ್ಲರೂ."

ನಿಂತರು. ಒಂದು ಅಂಚಿನಲ್ಲಿ ರಹಮತ್ ಮತ್ತು ಮೆಕ್ಯಾನಿಕ್ಕುಗಳು, ಒಂದು ಅಂಚಿನಲ್ಲಿ ನಮ್ಮ ಬೀದಿಯ ಹೆಂಗಸರು, ಇನ್ನೊಂದರಲ್ಲಿ ಅಧ್ಯಕ್ಷರು ಪಂಚೆ ಎತ್ತಿ ಕಟ್ಟಿ. ದೊಡ್ಡತಾಯಮ್ಮ ಟಾರ್ಪಾಲಿನ ಅಂಚಿನ ಮೇಲೆ ಕೂತೇಬಿಟ್ಟರು. "ನಿಲ್ಲೋಕಾಗಲ್ಲಪ್ಪ, ಕೂತ್ರೆ ಇನ್ನೂ ಭಾರ" ಎಂದರು. ಜವರಮ್ಮನ ರೇಷ್ಮೆ ಮೈಗಂಟಿ ಹೂವೆಲ್ಲ ಉದುರಿತ್ತು. ಮಳೆ ತಲೆಯ ಮೇಲೆ ಬಡಿಯಿತು. ಗುಡ್ಡೆ ಒಳಗೆ ಒಣಗಿಯೇ ಇತ್ತು, ನೀರು ಟಾರ್ಪಾಲಿನ ಮೇಲಿಂದ ಜಾರಿ, ನಮ್ಮ ಕಾಲುಗಳ ನಡುವೆ ಹಾದು, ಕೆಂಪು ಕಲ್ಲಿನ ಮೇಲಿಂದ ಕಾಲುವೆಗೆ ಇಳಿಯುತ್ತಿತ್ತು. ಎಂದೂ ತಮ್ಮ ಬೀದಿಯದಲ್ಲದ ಮಳೆಯಲ್ಲಿ ನೆನೆಯದ ಜನ ನಮ್ಮ ಮಳೆಯಲ್ಲಿ ನೆನೆಯುತ್ತಿದ್ದರು. "ನಿ‌ಮ್ಮ ಮಳೆ ತಣ್ಣಗಿದೆ ಕಣೋ, ನಮ್ಮದು ಸ್ವಲ್ಪ ಬೆಚ್ಚಗಿರ್ತದೆ" ಎಂದ ರಹಮತ್.

ನಮ್ಮ ಮೂಲೆಯೊಂದು ಮಾತ್ರ ನಿಲ್ಲಲಿಲ್ಲ. ಕಾಲುವೆಯ ಕಡೆಯ ಮೂಲೆ. ಅಲ್ಲಿ ತುಳಿಯಲು ಜನ ಸಾಲದೆ ಅದು ಪಟಪಟ ಬಡಿಯುತ್ತಿತ್ತು, ಪ್ರತಿ ಬಡಿತಕ್ಕೂ ಒಳಗಿನಿಂದ ಒಂದೊಂದು ಕೊಳೆತ ಎಲೆ ಇಣುಕುತ್ತಿತ್ತು. ಯಾರಾದರೂ ತಮ್ಮ ಜಾಗ ಬಿಟ್ಟರೆ ಆ ಜಾಗ ಏಳುತ್ತದೆ.

ಆಗ ಅಧ್ಯಕ್ಷರು ಒಂದು ಮಾತು ಹೇಳಿದರು. "ದ್ಯಾಮಣ್ಣ, ನಾವೆಲ್ಲ ಇಲ್ಲಿದೀವಿ. ಸೇತುವೆ ಮೇಲೆ ನೀರು ನೋಡೋರು ಯಾರಿದಾರೆ?"

ಎಲ್ಲರೂ ಕತ್ತು ತಿರುಗಿಸಿ ನೋಡಿದೆವು. ಬಿಸಿಲಿನಲ್ಲಿ ಸೇತುವೆ ಖಾಲಿಯಾಗಿತ್ತು. ಪೇಟೆಬೀದಿಯವರೂ ಮುಖ ತೋರಿಸಲಾರದೆ ಮನೆಯಲ್ಲೇ ಉಳಿದಿದ್ದರು, ಒಬ್ಬರೇ ನಿಂತಿದ್ದರು. ಪದ್ಮರಾಜ ಶೆಟ್ಟರು, ಕೊಡೆ ಹಿಡಿದು, ಕಟ್ಟೆಯ ಮೇಲಿಂದ ಬಗ್ಗಿ ನೀರನ್ನೇ ನೋಡುತ್ತಿದ್ದರು. ಊರಿನಲ್ಲಿ ನಮ್ಮ ನೀರು ನೋಡಿದವರು ಅವರೊಬ್ಬರೇ. ಅವರು ಏನು ಹೇಳುತ್ತಾರೋ ಅದೇ ಸಭೆಯ ಮಾತಾಗುತ್ತದೆ.

ಅವರು ಬಹಳ ಹೊತ್ತು ಬಗ್ಗಿ ನೋಡಿದರು. ಆಮೇಲೆ ಸೇತುವೆ ಇಳಿದು ನಮ್ಮ ಕಡೆಗೆ ನಡೆದು ಬಂದರು. ಬಿಸಿಲು ಮುಗಿದು ಮಳೆ ಶುರುವಾಗುವ ಗೆರೆಯಲ್ಲಿ ನಿಂತರು. ಆ ಕಡೆ ಅವರು ಒಣಗಿ, ಈ ಕಡೆ ನಾವು ತೊಯ್ದು. ಅವರ ಬಾಯಿ ಏನೋ ಹೇಳಲು ಒದ್ದಾಡುತ್ತಿತ್ತು.

"ನೀರು ಹೆಂಗಿದೆ ಶೆಟ್ರೇ" ಎಂದು ಅಧ್ಯಕ್ಷರೇ ಕೇಳಿದರು.

ಶೆಟ್ಟರು ಒಮ್ಮೆ ಗುಡ್ಡೆಯನ್ನು ನೋಡಿದರು. ಟಾರ್ಪಾಲಿನ ಕೆಳಗಿಂದ ಇಣುಕುತ್ತಿದ್ದ ಬಾಳೆಲೆಯನ್ನು ನೋಡಿದರು. ಅದು ಯಾರ ಹೋಟೆಲಿನದೆಂದು ಅವರಿಗೆ ಗೊತ್ತಿತ್ತು.

"ಹತ್ತುತಾ ಇದಾವೆ" ಎಂದರು.

"ಯಾವು" ಎಂದಳು ಜವರಮ್ಮ. ಆಕೆಗೆ ಗೊತ್ತಾಗಿತ್ತು, ಆದರೂ ಕೇಳಿದಳು.

ಶೆಟ್ಟರು ಉಗುಳು ನುಂಗಿದರು. "ಮೀನು" ಎಂದರು. "ಹೊಸನೀರಿಗೆ ಮೀನು ಹತ್ತುತಾ ಇದಾವಮ್ಮ. ಮೇಲಕ್ಕೆ."

ಹೊನ್ನಮ್ಮ ನನ್ನ ಪಕ್ಕದಲ್ಲೇ ನಿಂತಿದ್ದಳು, ಅವಳ ಮುಖದ ಮೇಲೆ ಹರಿಯುತ್ತಿದ್ದುದೆಲ್ಲ ಮಳೆಯೇ ಎಂದು ನಾನು ಹೇಳಲಾರೆ. ಜವರಮ್ಮ ಒದ್ದೆ ತಟ್ಟೆಯನ್ನು ಎತ್ತಿ ಹಿಡಿದಳು. "ಒಳಗೆ ಬನ್ನಿ ಶೆಟ್ರೇ. ಮಳೆಗೆ ಬಂದೋರು ಬಾಗಿಲಲ್ಲಿ ನಿಲ್ಲಬಾರದು."

ಶೆಟ್ಟರು ಕೊಡೆ ಮಡಿಸಿ ಕಂಕುಳಲ್ಲಿಟ್ಟುಕೊಂಡರು. ಚಪ್ಪಲಿ ಬಿಟ್ಟರು. ಗೆರೆ ದಾಟಿ ಮಳೆಯೊಳಗೆ ಬಂದು, ಬಡಿದುಕೊಳ್ಳುತ್ತಿದ್ದ ಆ ಮೂಲೆಯನ್ನು ಎರಡೂ ಕಾಲಿನಿಂದ ಒತ್ತಿ ನಿಂತರು. ಟಾರ್ಪಾಲು ಸುಮ್ಮನಾಯಿತು.

ನನಗೆ ಅವರನ್ನು ಬೈಯಬೇಕೆಂದು ಬೇಕಾದಷ್ಟು ಮಾತುಗಳು ನಾಲಗೆಯ ಮೇಲೆ ಸಿದ್ಧವಿದ್ದವು. "ಅಲ್ಲೇ ಗಟ್ಟಿಯಾಗಿ ತುಳೀರಿ ಶೆಟ್ರೇ, ಬಿಡಬೇಡಿ" ಎಂದೆ. "ಮಳೆ ಇನ್ನೂ ಇದೆ."